ಗುಂಡನ ಕೆನ್ನೆಯ ಬಾವು

ಕಳೆದ ಅಕ್ಟೋಬರಿನ ಒಂದು ಭಾನುವಾರ. ಶಾರ್ಜಾದ ರೂಮಿನಲ್ಲಿ ಬೆಳಿಗ್ಗೆ ಐದಕ್ಕೆ ಎಚ್ಚರವಾಗಿ ಫೋನ್ ನೋಡಿದರೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮೂವತ್ತೆರಡು ಮೆಸೇಜು. ರಾತ್ರಿ ಕಳೆಯುವುದರೊಳಗೆ ಊರಿನಿಂದ ಇಷ್ಟು ಮೆಸೇಜು ಬಂದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಮ್ಮಂಥವರಿಗೆ ವಿವರಿಸಬೇಕಾಗಿಲ್ಲ. ಕಾರ್ಕಳದ ಹತ್ತಿರದ ಮನೆಯಲ್ಲಿ ಅಮ್ಮ ಒಬ್ಬರೇ. ಅವರಿಗೇ ಏನೋ ಆಯಿತು ಎಂದುಕೊಂಡೇ ನಡುಗುವ ಬೆರಳಿನಿಂದ ತೆರೆದೆ. ಕಂಡದ್ದು ನಾಯಿಯ ಫೋಟೋ.

ಅಮೆರಿಕದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ನನ್ನ ತಮ್ಮನ ಮನೆಯ ನಾಯಿ ಅದು. ಹೆಸರು ಗುಂಡ. ಲ್ಯಾಬ್ರಡಾರ್ ಬೆರಕೆ, ಆಗ ಹದಿನಾಲ್ಕು ತಿಂಗಳ ಪ್ರಾಯ. ಬಲಗಣ್ಣಿನ ಕೆಳಗೆ ಅಡಿಕೆಯಷ್ಟು ಬಾವು ಬಂದು ಕಣ್ಣು ಅರ್ಧ ಮುಚ್ಚಿತ್ತು. ಮುಖದ ಒಂದು ಬದಿ ಗುಂಡನದು, ಇನ್ನೊಂದು ಬದಿ ಯಾರದೋ ಎನ್ನುವ ಹಾಗೆ.

ಸಮಾಧಾನದ ನಿಟ್ಟುಸಿರು ಬಂತು, ಸುಳ್ಳು ಹೇಳುವುದಿಲ್ಲ. ನಾಯಿಗೆ ತಾನೇ ಎಂದುಕೊಂಡೆ. ಆದರೆ ಮುಂದಿನ ಐದಾರು ವಾರ ಆ ಬಾವು ಮೂರು ದೇಶಗಳಲ್ಲಿ ಹಂಚಿಹೋದ ನಮ್ಮ ಮನೆಯವರನ್ನು ಒಂದೇ ಜಗಲಿಯಲ್ಲಿ ಕೂರಿಸಿತು. ಕೊನೆಗೆ ನನಗೂ ಒಂದು ಪಾಠ ಕಲಿಸಿತು. ಊರಿನ ಮನೆಯಲ್ಲಿ ನಾಯಿ ಇರುವ, ಅದನ್ನು ವಿಡಿಯೋ ಕಾಲಿನಲ್ಲಿ ಮಾತ್ರ ನೋಡುವ ನಮ್ಮವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ತಲೆಗೊಂದು ಊಹೆ

ಮೂವತ್ತೆರಡು ಮೆಸೇಜಿನಲ್ಲಿ ಊಹೆಗಳಿಗೇನೂ ಬರವಿರಲಿಲ್ಲ. ಕಣಜದ ಹುಳ ಕುಟುಕಿದೆ ಎಂದು ತಮ್ಮ. ಹಾವು ಇರಬಹುದು ಎಂದು ಬೆಂಗಳೂರಿನ ಚಿಕ್ಕಪ್ಪ. ವಾರದ ಹಿಂದೆ ಕೊಡಿಸಿದ ಲಸಿಕೆ ಆಗಲಿಲ್ಲ ಎಂದು ತಮ್ಮನ ಹೆಂಡತಿ. ದೃಷ್ಟಿಯಾಗಿದೆ, ಉಪ್ಪು ಮೆಣಸು ನಿವಾಳಿಸಿ ಎಂದು ಅತ್ತೆ.

ಇದರ ನಡುವೆ ಒಂದು ಅಪಾಯ ಕೂದಲೆಳೆಯಲ್ಲಿ ತಪ್ಪಿತ್ತು. ಗುಂಡ ನರಳುವುದನ್ನು ನೋಡಲಾಗದೆ ತಮ್ಮ ತಾನು ತಲೆನೋವಿಗೆ ತೆಗೆದುಕೊಳ್ಳುವ ಐಬುಪ್ರೊಫೆನ್ ಮಾತ್ರೆಯನ್ನು ಚೀಸಿನಲ್ಲಿ ಸುತ್ತಿ ಕೈಯಲ್ಲಿ ಹಿಡಿದಿದ್ದನಂತೆ. ಪುಣ್ಯಕ್ಕೆ ಅಷ್ಟರಲ್ಲಿ ಅವನ ಹೆಂಡತಿ ಎಮರ್ಜೆನ್ಸಿ ಆಸ್ಪತ್ರೆಗೆ ಫೋನ್ ಮಾಡಿದ್ದಳು. ಆ ಕಡೆಯವರ ಮೊದಲ ಮಾತೇ, ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ ಎಂದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತಸ್ರಾವ ತರಬಹುದು, ಮೂತ್ರಪಿಂಡ ಕೆಡಿಸಬಹುದು. ನಾವು ನೀರಿನ ಹಾಗೆ ನುಂಗುವ ಪ್ಯಾರಾಸಿಟಮಾಲ್ ಕೂಡ ಪ್ರಮಾಣ ಮೀರಿದರೆ ಅದರ ಪಿತ್ತಜನಕಾಂಗವನ್ನೇ ಹಾಳು ಮಾಡಬಹುದು. ಪ್ರೀತಿಯಿಂದ ಕೊಟ್ಟರೂ ವಿಷ ವಿಷವೇ.

ಡಾಕ್ಟರು ಹುಡುಕುವ ಬಗೆ

ಶನಿವಾರ ಸಂಜೆ ಮಾಮೂಲಿ ಡಾಕ್ಟರ ಕ್ಲಿನಿಕ್ ಮುಚ್ಚಿತ್ತು. ಎಮರ್ಜೆನ್ಸಿಗೆ ಹೋದಾಗ ಡಾಕ್ಟರು ಮೊದಲು ನೋಡಿದ್ದು ಬಾವನ್ನಲ್ಲ, ಉಸಿರಾಟವನ್ನು. ಒಸಡಿನ ಬಣ್ಣ ನೋಡಿದರು, ಎದೆಬಡಿತ ಕೇಳಿದರು. ವಾಂತಿ, ಭೇದಿ, ತೂರಾಡುವುದು ಏನಾದರೂ ಇದೆಯೇ ಎಂದು ವಿಚಾರಿಸಿದರು. ಅಲರ್ಜಿ ತೀವ್ರವಾದರೆ ನಾಯಿಗಳಲ್ಲಿ ಹಲವು ಸಲ ಮುಖಕ್ಕಿಂತ ಹೊಟ್ಟೆಯಲ್ಲೇ ಅದು ಮೊದಲು ಕಾಣಿಸಿಕೊಳ್ಳುತ್ತದೆ. ಮುಖ ಊದಿಕೊಂಡ ನಾಯಿ ವಾಂತಿ ಮಾಡಿ ಕುಸಿದರೆ ಒಂದು ನಿಮಿಷವೂ ಕಾಯುವಂತಿಲ್ಲ. ಗುಂಡನಿಗೆ ಅದೇನೂ ಇರಲಿಲ್ಲ.

ಆಮೇಲೆ ಪ್ರಶ್ನೆಗಳು. ಯಾವಾಗ ಶುರುವಾಯಿತು? ಗಂಟೆಗಳಲ್ಲಿ ಬಂತೇ, ದಿನಗಳಲ್ಲಿ ಬಂತೇ? ಒಂದೇ ಬದಿಯೋ, ಎರಡೂ ಬದಿಯೋ? ಮೆತ್ತಗಿದೆಯೋ, ಗಟ್ಟಿಯೋ? ಮುಟ್ಟಿದರೆ ನೋವೇ? ಬಾಯಿ ಪೂರ್ತಿ ತೆರೆಯುತ್ತದೆಯೇ? ಉತ್ತರ ಬಂದ ಹಾಗೆ ಶಂಕಿತರ ಪಟ್ಟಿ ಸಣ್ಣದಾಗುತ್ತ ಹೋಗುತ್ತದೆ. ತಮ್ಮನ ಹೆಂಡತಿ ಎಲ್ಲವನ್ನೂ ಬರೆದುಕೊಂಡು ಬಂದಿದ್ದಳು. ಆಮೇಲೆ ನಾನೂ ಓದಿ ತಿಳಿದುಕೊಂಡದ್ದನ್ನು ಸೇರಿಸಿ ಹೇಳುತ್ತೇನೆ.

ಹುಳ ಕುಟುಕಿದ್ದರೆ ಬಾವು ಬೇಗ ಏರುತ್ತದೆ. ತುಟಿ, ರೆಪ್ಪೆ, ಮೂತಿ ಮೆತ್ತಗೆ ಊದುತ್ತವೆ, ತುರಿಕೆಯೂ ಇರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಲಸಿಕೆಯ ಅಲರ್ಜಿಯೂ ಹೆಚ್ಚಾಗಿ ಕೆಲವು ಗಂಟೆಗಳಲ್ಲಿ ಅಥವಾ ಒಂದು ದಿನದೊಳಗೆ ಬರುವಂಥದ್ದು, ವಾರ ಕಾಯುವುದಿಲ್ಲ. ಹಾವಿನ ಅನುಮಾನವೂ ತೀರಾ ತಳ್ಳಿಹಾಕುವಂಥದ್ದಲ್ಲ. ನಾಯಿ ಮೂತಿಯಿಂದಲೇ ಲೋಕ ನೋಡುವ ಪ್ರಾಣಿ, ಕಚ್ಚಿಸಿಕೊಳ್ಳುವುದೂ ಮೂತಿಗೇ. ನ್ಯೂಜೆರ್ಸಿಯಲ್ಲಿ ಕಾಪರ್‌ಹೆಡ್ ಮತ್ತು ಟಿಂಬರ್ ರ್‍ಯಾಟಲ್‌ಸ್ನೇಕ್ ಎಂಬ ಎರಡು ವಿಷದ ಹಾವುಗಳಿವೆ. ಆದರೆ ಮನೆಯಂಗಳ ಬಿಟ್ಟು ಹೋಗದ ಗುಂಡನಿಗೆ ಅವು ಸಿಗುವ ಸಂಭವ ಕಡಿಮೆ. ಹಲ್ಲು ಊರಿದ ಗುರುತೂ ಇರಲಿಲ್ಲ.

ಪ್ರಾಯದ ಲೆಕ್ಕವೂ ಮುಖ್ಯ. ಮೂರು ವಾರದಿಂದ ನಾಲ್ಕು ತಿಂಗಳೊಳಗಿನ ಮರಿಯ ಮುಖ ಎರಡೂ ಬದಿ ಊದಿ, ದವಡೆಯ ಕೆಳಗಿನ ಗಂಟುಗಳು ದಪ್ಪವಾಗಿ, ಜ್ವರ ಬಂದರೆ ಅದು ಮರಿಗಳಿಗೇ ಬರುವ ಒಂದು ವಿಚಿತ್ರ ಕಾಯಿಲೆ ಇರಬಹುದು. ನೋಡಲು ಕೀವಿನ ಸೋಂಕಿನ ಹಾಗೆಯೇ ಇದ್ದರೂ ಅದರ ಮೂಲದಲ್ಲಿ ರೋಗಾಣು ಇರುವುದಿಲ್ಲ. ಮರಿಯ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿರುತ್ತದೆ. ಆಂಟಿಬಯಾಟಿಕ್ ಒಂದರಿಂದಲೇ ಅದು ಬಗ್ಗುವುದಿಲ್ಲ, ಡಾಕ್ಟರು ಪರೀಕ್ಷೆ ಮಾಡಿ ಸ್ಟೀರಾಯ್ಡ್ ಕೊಡಬೇಕು. ವೆಸ್ಟ್ ಹೈಲ್ಯಾಂಡ್ ಟೆರಿಯರ್‌ನಂಥ ತಳಿಗಳಲ್ಲಿ ಮೂರರಿಂದ ಎಂಟು ತಿಂಗಳ ಪ್ರಾಯದಲ್ಲಿ ದವಡೆಯ ಮೂಳೆಯೇ ದಪ್ಪವಾಗಿ ಬಾಯಿ ತೆರೆಯಲು ನೋವಾಗುವುದುಂಟು. ಬಾಕ್ಸರ್, ಪಗ್‌ಗಳಂಥ ಚಪ್ಪಟೆ ಮೂತಿಯ ನಾಯಿಗಳಲ್ಲಿ ಹೊರಗೆ ಬಾರದೆ ಒಳಗೇ ಉಳಿದ ಹಲ್ಲಿನ ಸುತ್ತ ನೀರಿನ ಚೀಲ ಬೆಳೆದು ಮೂಳೆಯನ್ನು ಸವೆಸುತ್ತದೆ. ದವಡೆಯ ಕೆಳಗೆ ನೋವಿಲ್ಲದ ಮೆತ್ತನೆಯ ಚೀಲ ತೂಗುತ್ತಿದ್ದರೆ ಜೊಲ್ಲಿನ ಗ್ರಂಥಿ ಸೋರುತ್ತಿರಬಹುದು. ಚಿಕ್ಕ ಪ್ರಾಯವೆಂದು ಗಡ್ಡೆಯ ಸಾಧ್ಯತೆಯನ್ನೂ ಬಿಡುವಂತಿಲ್ಲ.

ಗುಂಡನ ಬಾವು ಒಂದೇ ಬದಿ, ಗಟ್ಟಿ, ಬಿಸಿ, ಮುಟ್ಟಿದರೆ ನೋವು. "ಕುಟುಕಿದ್ದೂ ಇರಬಹುದು, ಆದರೆ ನನಗೆ ಅನುಮಾನವಿದೆ. ನಾಳೆಯೊಳಗೆ ಇಳಿಯದಿದ್ದರೆ ನಿಮ್ಮ ಡಾಕ್ಟರಲ್ಲಿಗೆ ಹೋಗಿ" ಎಂದು ಹೇಳಿ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು.

ಇಳಿದದ್ದು, ಮತ್ತೆ ಏರಿದ್ದು

ಇಳಿಯಲಿಲ್ಲ. ಅಡಿಕೆಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು. ಸೋಮವಾರ ಮಾಮೂಲಿ ಡಾಕ್ಟರು ನೋಡಿ ಸೋಂಕು ಎಂದರು. ಬಾಯಿ ತೆರೆಯಲು ಹೋದರೆ ಗುಂಡ ಕೊಸರಿಕೊಂಡ. ಕಂಡಷ್ಟು ಹಲ್ಲು ಬೆಳ್ಳಗೆ ಇದ್ದವು. ಆಂಟಿಬಯಾಟಿಕ್ ಮತ್ತು ನಾಯಿಗಳದ್ದೇ ನೋವಿನ ಔಷಧ ಬರೆದುಕೊಟ್ಟು, "ಕಣ್ಣಿನ ಕೆಳಗೆ ಬಾವು ಬಂದರೆ ಹಲ್ಲನ್ನು ಸಂಶಯಿಸಬೇಕು. ಮಂಪರು ಕೊಟ್ಟು ಹಲ್ಲಿನ ಎಕ್ಸ್-ರೇ ತೆಗೆಯೋಣ, ದಿನ ಗೊತ್ತುಮಾಡಿ" ಎಂದು ಸ್ಪಷ್ಟವಾಗಿ ಹೇಳಿದರು.

ನಾಲ್ಕೇ ದಿನದಲ್ಲಿ ಬಾವು ಮಾಯ! ಗುಂಡ ಬಾಲ ಆಡಿಸುತ್ತ ಓಡಾಡುವ ವಿಡಿಯೋ ಬಂತು. ಆ ಭಾನುವಾರ ತಮ್ಮನ ಸಂಸಾರ ಎಡಿಸನ್ನಿನಲ್ಲೇ ಇರುವ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನಕ್ಕೆ ಹೋಗಿ ಕೈಮುಗಿದು ಬಂತು. ಎಕ್ಸ್-ರೇ ಮಾತು ಹಿಂದೆ ಬಿತ್ತು.

ಇಲ್ಲಿ ತಪ್ಪು ಡಾಕ್ಟರದ್ದಲ್ಲ, ನಮ್ಮದೇ. ಅಂದಾಜು ಖರ್ಚಿನ ಚೀಟಿ ನೋಡಿ ತಮ್ಮ ಹಿಂಜರಿದಿದ್ದ. ನಾಯಿಗೆ ವಿಮೆ ಮಾಡಿಸಿರಲಿಲ್ಲ, ಈಗ ಮಾಡಿಸಿದರೆ ಮೊದಲೇ ಇದ್ದ ತೊಂದರೆಗೆ ದುಡ್ಡು ಬರುವುದಿಲ್ಲ. "ಅಣ್ಣಾ, ಗುಣ ಆಯ್ತಲ್ಲ, ಇನ್ನು ಎಂತಕ್ಕೆ ಸುಮ್ಮನೆ?" ಎಂದು ನನ್ನನ್ನು ಕೇಳಿದ. ನಾನೂ "ಹೌದು ಮಾರಾಯ, ಬಿಡು" ಎಂದುಬಿಟ್ಟೆ. ಸುಮಾರು ಏಳು ಸಾವಿರ ಮೈಲು ದೂರದಲ್ಲಿ ಕುಳಿತು ಸಲಹೆ ಕೊಡುವುದು ಎಷ್ಟು ಸುಲಭ.

ಮೂರು ವಾರ ಕಳೆಯಿತು. ನವೆಂಬರಿನ ಒಂದು ಬೆಳಿಗ್ಗೆ ಬಾವು ಮತ್ತೆ ಬಂತು, ಮೊದಲಿಗಿಂತ ದೊಡ್ಡದಾಗಿ. ಮರುದಿನ ಕಣ್ಣಿನ ಕೆಳಗೆ ಚರ್ಮ ಒಡೆದು ಸಣ್ಣ ತೂತಿನಿಂದ ಕೀವು ಸೋರತೊಡಗಿತು. ಒಂಬತ್ತು ವರ್ಷದ ತಮ್ಮನ ಮಗ ಫೋನಿನಲ್ಲಿ, "ದೊಡ್ಡಪ್ಪ, ಗುಂಡ ಸಾಯ್ತಾನಾ?" ಎಂದು ಅತ್ತ. ನನ್ನ ಬಳಿ ಉತ್ತರವಿರಲಿಲ್ಲ.

ಅಮ್ಮ ಕೇಳಿದ ಪ್ರಶ್ನೆ

ಆ ದಿನ ಎಲ್ಲರೂ ವಿಡಿಯೋ ಕಾಲಿನಲ್ಲಿದ್ದೆವು. ಅಷ್ಟು ಹೊತ್ತು ಸುಮ್ಮನಿದ್ದ ಅಮ್ಮ, "ಅದು ಯಾವ ಬದಿಯಲ್ಲಿ ಜಗಿಯುದು ಅಂತ ನೋಡಿದ್ದೀರಾ?" ಎಂದು ಕೇಳಿದರು.

ಯಾರೂ ನೋಡಿರಲಿಲ್ಲ. ಅಮ್ಮ ನಲವತ್ತು ವರ್ಷ ಹಟ್ಟಿಯಲ್ಲಿ ದನ ಸಾಕಿದವರು. ಹುಲ್ಲು ಹಾಕಿ ಹಿಂದೆ ತಿರುಗುವವರಲ್ಲ, ನಿಂತು ನೋಡುವವರು. ದನ ಮೆಲುಕು ನಿಲ್ಲಿಸಿದರೆ, ಒಂದೇ ಬದಿ ಅಗಿದರೆ, ಬಾಯಿಂದ ಹುಲ್ಲಿನ ಉಂಡೆ ಉದುರಿದರೆ ಬಾಯಲ್ಲೇನೋ ಇದೆ ಎಂದು ಅವರಿಗೆ ಗೊತ್ತಾಗುತ್ತಿತ್ತು.

ತಮ್ಮನ ಹೆಂಡತಿ ಅಲ್ಲೇ ಬಟ್ಟಲಿಗೆ ಗುಂಡನ ಒಣ ಆಹಾರ ಹಾಕಿ ಫೋನ್ ಹಿಡಿದಳು. ಎಲ್ಲರೂ ನೋಡಿದೆವು. ಗುಂಡ ತಲೆಯನ್ನು ಎಡಕ್ಕೆ ವಾಲಿಸಿ ಎಡಬದಿಯಲ್ಲೇ ಅಗಿಯುತ್ತಿದ್ದ. ಬಲಕ್ಕೆ ಸರಿದ ಕಾಳುಗಳು ಕೆಳಗೆ ಉದುರುತ್ತಿದ್ದವು. ಹಗ್ಗ ಎಳೆಯುವ ಆಟ ಬಿಟ್ಟು ಎರಡು ತಿಂಗಳಾಯಿತು ಎಂದು ಆಗ ಅವಳಿಗೆ ನೆನಪಾಯಿತು. ಮಗನಿಗೆ ಇನ್ನೊಂದು ನೆನಪಾಯಿತು. ಬೇಸಿಗೆ ರಜೆಯಲ್ಲಿ ಗುಂಡ ಜಿಂಕೆಯ ಕೊಂಬು ಕಡಿಯುತ್ತಿದ್ದಾಗ ಟಕ್ಕೆಂದು ಸದ್ದಾಗಿತ್ತಂತೆ. ಗುಂಡ ಒಮ್ಮೆ ಕುಂಯ್ ಎಂದು ಕೊಂಬು ಬಿಟ್ಟು ಹೋದನಂತೆ. ಕೊಂಬು ಮುರಿಯಿತೆಂದು ಹುಡುಗ ತಿಳಿದಿದ್ದ.

ಅಲ್ಲಿ ಜಿಂಕೆಯ ಉದುರಿದ ಕೊಂಬನ್ನು ತುಂಡು ಮಾಡಿ ನಾಯಿಗೆ ಕಡಿಯಲು ಅಂಗಡಿಯಲ್ಲಿ ಮಾರುತ್ತಾರೆ. ಪ್ಲಾಸ್ಟಿಕ್ ಆಟಿಕೆಗಿಂತ ಒಳ್ಳೆಯದು, ಸಹಜವಾದದ್ದು ಎಂದು ತಮ್ಮ ತಂದಿದ್ದ.

ಹಲ್ಲಿನೊಳಗಿನ ಕಥೆ

ಇಷ್ಟು ವಿವರ ಹಿಡಿದು ಹೋದಾಗ ಡಾಕ್ಟರು ನಾಯಿಗಳ ದಂತತಜ್ಞರಿಗೆ ಚೀಟಿ ಕೊಟ್ಟರು. "ನಾಯಿಗೂ ಹಲ್ಲಿನ ಡಾಕ್ಟರಾ!" ಎಂದು ಅಮ್ಮ ನಕ್ಕರು. ಅಮೆರಿಕದಲ್ಲಿ ಪ್ರಾಣಿಗಳ ದಂತವೈದ್ಯಕ್ಕೆಂದೇ ತಜ್ಞ ಪದವಿ ಕೊಡುವ ಕಾಲೇಜು 1988ರಿಂದ ಇದೆ. ನ್ಯೂಯಾರ್ಕ್ ಸುತ್ತಮುತ್ತ ಪ್ರಾಣಿಗಳ ಆರೈಕೆಯ ಇತಿಹಾಸ ಅದಕ್ಕಿಂತ ಬಹಳ ಹಳೆಯದು. ಬೀದಿಯಲ್ಲಿ ಗಾಡಿಯ ಕುದುರೆಗಳು ಪಡುವ ಪಾಡು ನೋಡಲಾಗದೆ ಹೆನ್ರಿ ಬರ್ಗ್ ಎಂಬವರು ಪ್ರಾಣಿದಯಾ ಸಂಘವನ್ನು ಆ ನಗರದಲ್ಲಿ ಕಟ್ಟಿದ್ದು 1866ರಲ್ಲಿ. ಮ್ಯಾನ್‌ಹಾಟನ್ನಿನ ಪೂರ್ವ 62ನೇ ಬೀದಿಯಲ್ಲಿರುವ ಅನಿಮಲ್ ಮೆಡಿಕಲ್ ಸೆಂಟರ್ ಎಂಬ ದೊಡ್ಡ ಪ್ರಾಣಿ ಆಸ್ಪತ್ರೆಯ ಬೇರು 1910ರಷ್ಟು ಹಿಂದಿನದು. ಇತ್ತ ಫಿಲಡೆಲ್ಫಿಯಾದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಶಾಲೆ 1884ರಿಂದ ಇದೆ. ಎಡಿಸನ್ನಿನಿಂದ ಎರಡೂ ಕಡೆಗೆ ಕಾರಿನಲ್ಲಿ ಹೋಗಿಬರುವ ದೂರ. ನ್ಯೂಜೆರ್ಸಿಗೆ ತನ್ನದೇ ಪಶುವೈದ್ಯಕೀಯ ಶಾಲೆ ಬಂದದ್ದು ಮಾತ್ರ 2025ರಲ್ಲಿ, ರೋವನ್ ವಿಶ್ವವಿದ್ಯಾಲಯದಲ್ಲಿ.

ಹಲ್ಲಿನ ಎಕ್ಸ್-ರೇ ತೆಗೆಯಲು ನಾಯಿಗೆ ಪೂರ್ತಿ ಅರಿವಳಿಕೆ ಬೇಕು. ನಮ್ಮ ಹಾಗೆ ಫಿಲ್ಮು ಕಚ್ಚಿ ಅಲುಗಾಡದೆ ಕೂರುವ ಪ್ರಾಣಿಯಲ್ಲ ಅದು. ಅದಕ್ಕೂ ಮೊದಲು ರಕ್ತಪರೀಕ್ಷೆ ಆಯಿತು. ಸೂಜಿಯಿಂದ ಬಾವಿನ ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ರೋಗಾಣು ಮತ್ತು ಕೀವಿನ ಕಣಗಳು ಕಂಡವು, ಗಡ್ಡೆಯ ಲಕ್ಷಣ ಕಾಣಲಿಲ್ಲ. ಆ ಸುದ್ದಿ ಬಂದ ರಾತ್ರಿ ತಮ್ಮ ಸರಿಯಾಗಿ ಊಟ ಮಾಡಿದ.

ಎಕ್ಸ್-ರೇಯಲ್ಲಿ ಕಳ್ಳ ಸಿಕ್ಕಿಬಿದ್ದ. ದೊಡ್ಡ ನಾಯಿಗೆ 42 ಹಲ್ಲು. ಅದರಲ್ಲಿ ಮೇಲಿನ ಸಾಲಿನ ನಾಲ್ಕನೇ ಮುಂದವಡೆ ಹಲ್ಲು ಬಲು ಮುಖ್ಯ. ಅದೂ ಕೆಳಗಿನ ಮೊದಲ ದವಡೆ ಹಲ್ಲೂ ಸೇರಿ ಕತ್ತರಿಯ ಹಾಗೆ ಕೆಲಸ ಮಾಡುತ್ತವೆ. ಆ ಮೇಲಿನ ಹಲ್ಲಿಗೆ ಮೂರು ಬೇರು, ಬೇರಿನ ತುದಿ ಸರಿಯಾಗಿ ಕಣ್ಣಿನ ಕೆಳಗೆ. ಹಾಗಾಗಿ ಬೇರಿನಲ್ಲಿ ಕೀವಾದರೆ ಊದುವುದು ಕಣ್ಣಿನ ಕೆಳಗಿನ ಕೆನ್ನೆ. ಅದನ್ನು ಕಂಡವರು ಕಣ್ಣಿನ ರೋಗವೆಂದೋ ಹುಳ ಕುಟುಕಿತೆಂದೋ ತಿಳಿಯುವುದು ಸಹಜ.

ಗುಂಡ ಗಟ್ಟಿ ಕೊಂಬನ್ನು ಕಡಿದಾಗ ಆ ಹಲ್ಲಿನ ಹೊರಮೈಯ ಒಂದು ಹಲ್ಲೆ ಕಲ್ಲಿನ ಚಪ್ಪಡಿ ಎದ್ದಂತೆ ಸೀಳಿತ್ತು. ಸೀಳಿದ ತುಂಡು ಒಸಡಿಗೆ ಅಂಟಿಕೊಂಡೇ ಇದ್ದುದರಿಂದ ಹೊರಗಿನಿಂದ ಹಲ್ಲು ಇಡಿಯಾಗಿ ಕಾಣುತ್ತಿತ್ತು. ನಾಯಿಯ ಹಲ್ಲಿನ ಮೇಲಿನ ಎನಾಮಲ್ ನಮ್ಮದಕ್ಕಿಂತ ತೆಳು. ಎಳೆ ಪ್ರಾಯದಲ್ಲಿ ಹಲ್ಲಿನ ಗೋಡೆಯೂ ತೆಳು, ಒಳಗಿನ ಜೀವಭಾಗ ಅಗಲ. ಬಿರುಕಿನಿಂದ ರೋಗಾಣು ಒಳಗಿಳಿದು ಆ ಜೀವಭಾಗ ಸತ್ತಿತ್ತು. ಸತ್ತ ಭಾಗಕ್ಕೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಕಡೆಗೆ ಆಂಟಿಬಯಾಟಿಕ್ಕೂ ಹೋಗುವುದಿಲ್ಲ. ಅದು ಸುತ್ತಲಿನ ಸೋಂಕನ್ನು ತಗ್ಗಿಸಿ ಬಾವು ಇಳಿಸಿತು, ಮೂಲ ಹಲ್ಲಿನೊಳಗೇ ಕುಳಿತಿತ್ತು. ಮಾತ್ರೆ ಮುಗಿದ ಮೇಲೆ ಮತ್ತೆ ತಲೆ ಎತ್ತಿತು. ನಾವು ಗುಣವಾಯಿತು ಎಂದುಕೊಂಡ ಆ ಮೂರು ವಾರವೂ ಗುಂಡ ಒಂದೇ ಬದಿಯಲ್ಲಿ ತಿನ್ನುತ್ತ ನೋವನ್ನು ನುಂಗಿಕೊಂಡಿದ್ದ.

ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸುವುದೂ ಉಂಟು. ಇಲ್ಲಿ ಬಿರುಕು ಒಸಡಿನ ಕೆಳಗೆ ಆಳಕ್ಕೆ ಹೋಗಿತ್ತು. ಹಲ್ಲನ್ನು ಮೂರು ತುಂಡು ಮಾಡಿ ಒಂದೊಂದೇ ಬೇರನ್ನು ಬಿಡಿಸಿ ತೆಗೆದು ಹೊಲಿಗೆ ಹಾಕಿದರು. ಬಿಲ್ಲು ಡಾಲರಿನಲ್ಲಿ ನಾಲ್ಕಂಕಿ ದಾಟಿತು. ಮೊದಲೇ ಮಾಡಿಸಿದ್ದರೆ ಎರಡನೇ ಸುತ್ತಿನ ಔಷಧದ ಖರ್ಚಾದರೂ ಉಳಿಯುತ್ತಿತ್ತು, ನಾಯಿಯ ನೋವೂ ತಪ್ಪುತ್ತಿತ್ತು. ಎರಡು ವಾರ ಮೆತ್ತನೆಯ ಆಹಾರ ಕೊಟ್ಟರು. ಕೆನ್ನೆಯ ತೂತು ತಾನಾಗಿ ಮುಚ್ಚಿತು. ಡಿಸೆಂಬರಿನ ಮೊದಲ ಹಿಮದಲ್ಲಿ ಗುಂಡ ಹಗ್ಗ ಕಚ್ಚಿ ಹುಡುಗನನ್ನೇ ಎಳೆದಾಡಿದ.

ಊರಿನ ಮನೆಯ ನಾಯಿಗೆ

ನಮ್ಮ ಪೈಕಿ ಅನೇಕರ ಊರಿನ ಮನೆಯಲ್ಲಿ ನಾಯಿ ಇದೆ. ಪ್ರಾಯದ ತಂದೆ ತಾಯಿಗೆ ಅದೇ ಕಾವಲು, ಅದೇ ಜೊತೆ. ಅದರ ಮುಖ ಊದಿದೆ ಎಂದು ಫೋನ್ ಬಂದರೆ ಏನು ಕೇಳಬೇಕೆಂದು ತಿಳಿದಿರುವುದು ಒಳ್ಳೆಯದು.

ಎಲ್ಲಕ್ಕಿಂತ ಮೊದಲ ಮಾತು: ಬಾಯಿಯೊಳಗೆ ಕೈ ಹಾಕಬೇಡಿ. ದವಡೆ ಜೋತುಬಿದ್ದು, ಜೊಲ್ಲು ಸುರಿದು, ನುಂಗಲು ಆಗದೆ, ಸ್ವರವೂ ವರ್ತನೆಯೂ ಬದಲಾಗಿದ್ದರೆ ಅದು ಹುಚ್ಚುನಾಯಿ ರೋಗವಿರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ತಿಳಿದು ಕೈ ಹಾಕಿದವರಿಗೆ ಅಪಾಯ. ಅಮೆರಿಕದಲ್ಲಿ ನಾಯಿಯಿಂದ ನಾಯಿಗೆ ಹರಡುವ ಬಗೆಯ ರೇಬೀಸ್ ಇಲ್ಲವಾಗಿದೆ ಎಂದು 2007ರಲ್ಲಿ ಘೋಷಿಸಿದ್ದಾರೆ. ಅಲ್ಲೀಗ ಭಯ ಬಾವಲಿ, ರಕೂನ್‌ಗಳಂಥ ಕಾಡುಪ್ರಾಣಿಗಳದ್ದು. ನಮ್ಮಲ್ಲಿ ಆ ಸ್ಥಿತಿ ಇನ್ನೂ ಬಂದಿಲ್ಲ. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಲಕ್ಷಣ ಕಾಣಿಸಿದ ಮೇಲೆ ಔಷಧ ನಡೆಯುವುದಿಲ್ಲ.

ತೋಟದ ಮನೆಯಾದರೆ ಹಾವಿನ ಸಂಶಯವನ್ನು ಹಗುರವಾಗಿ ಬಿಡಬಾರದು. ನಾಗರ, ಕೊಳಕುಮಂಡಲ ಕಚ್ಚಿದರೆ ಬಾವು ನೋಡನೋಡುತ್ತ ಏರುತ್ತದೆ, ನಾಯಿ ಸುಸ್ತಾಗುತ್ತದೆ. ಕಟ್ಟು ಕಟ್ಟುವುದು, ಕೊಯ್ಯುವುದು ಬೇಡ. ನಡೆಸದೆ ಎತ್ತಿಕೊಂಡು ಪಶುವೈದ್ಯರಲ್ಲಿಗೆ ಒಯ್ಯುವುದೇ ದಾರಿ.

ಇವೆರಡೂ ಅಲ್ಲವೆಂದಾದರೆ ಎರಡೂ ಬದಿಯಿಂದ, ಎದುರಿನಿಂದ, ಬೆಳಕಿನಲ್ಲಿ ಫೋಟೋ ತೆಗೆದು ಕಳಿಸಲು ಹೇಳಿ. ಶುರುವಾದ ಹೊತ್ತು ಬರೆದಿಡಲಿ. ತಿನ್ನುವಾಗ ಒಂದು ನಿಮಿಷ ವಿಡಿಯೋ ಮಾಡಲಿ. ಇದನ್ನೆಲ್ಲ ಡಾಕ್ಟರಿಗೆ ತೋರಿಸಿದರೆ ಅವರ ಅರ್ಧ ಕೆಲಸ ಮುಗಿದ ಹಾಗೆ. ತಾಲೂಕಿನ ಸರ್ಕಾರಿ ಪಶು ಆಸ್ಪತ್ರೆ ಎಲ್ಲರಿಗೂ ಗೊತ್ತು. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸೇವೆಯ ಬಗ್ಗೆಯೂ ತಿಳಿಯಬಹುದು. ಕಠಿಣವಾದದ್ದಕ್ಕೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು, 1958ರಲ್ಲಿ ಶುರುವಾದ ಬೆಂಗಳೂರು ಹೆಬ್ಬಾಳದ ಕಾಲೇಜು ಇವೆ. ಮೆಡಿಕಲ್ ಅಂಗಡಿಯಿಂದ ತಂದ ನಮ್ಮ ಮಾತ್ರೆ ಮಾತ್ರ ಬೇಡವೇ ಬೇಡ.

ಕಡಿಯಲು ಏನು ಕೊಡಬಹುದು ಎಂಬುದಕ್ಕೆ ದಂತತಜ್ಞರು ಹೇಳಿದ ಸುಲಭ ಪರೀಕ್ಷೆ ಇದು: ಉಗುರು ಒತ್ತಿದರೆ ಗುರುತು ಬೀಳಬೇಕು. ಕೊಂಬು, ಗೊರಸು, ದಪ್ಪ ಮೂಳೆ ಯಾವುದೂ ಇದರಲ್ಲಿ ಪಾಸಾಗುವುದಿಲ್ಲ.

ಇನ್ನೊಂದು ಹಲ್ಲು

ಗುಂಡನ ಹಲ್ಲು ತೆಗೆದ ರಾತ್ರಿ ಶಾರ್ಜಾದಲ್ಲಿ ನಾನು ಒಂದು ಮಾತ್ರೆ ನುಂಗುತ್ತಿದ್ದೆ. ಎಡಗಡೆಯ ಕೆಳಗಿನ ದವಡೆ ಹಲ್ಲು. ಮಾರ್ಚಿನಿಂದಲೇ ನೋವು. ನನ್ನ ವಿಮೆಯಲ್ಲಿ ಹಲ್ಲು ಸೇರುವುದಿಲ್ಲ. ಇಲ್ಲಿ ಖರ್ಚು ಹೆಚ್ಚು, ರಜೆಗೆ ಹೋದಾಗ ಊರಲ್ಲೇ ಮಾಡಿಸಿದರಾಯಿತು ಎಂದು ನೋವು ಬಂದಾಗೊಂದು ಮಾತ್ರೆ, ಊದಿದಾಗ ಯಾರೋ ಹೇಳಿದ ಆಂಟಿಬಯಾಟಿಕ್. ಇಳಿದರೆ ಗುಣವಾಯಿತು ಎಂಬ ಲೆಕ್ಕ. ನಮ್ಮ ರೂಮಿನ ನಾಲ್ವರಲ್ಲಿ ಮೂವರದ್ದು ಇದೇ ಕಥೆ.

ಕಾಲಿನಲ್ಲಿ ಅಮ್ಮ ಗುಂಡನನ್ನು ವಿಚಾರಿಸಿ ಮುಗಿಸಿದರು. ಆಮೇಲೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ನಾನು ಆಗಷ್ಟೇ ಖುಬೂಸ್ ತಿನ್ನಲು ಕುಳಿತಿದ್ದೆ.

"ಮಗಾ, ನೀನೂ ಒಂದೇ ಬದಿಯಲ್ಲಿ ಜಗಿಯುದು ಕಾಣ್ತದೆ."

ಮರುದಿನ ಡ್ಯೂಟಿ ಮುಗಿಸಿ ಹಲ್ಲಿನ ಡಾಕ್ಟರಲ್ಲಿಗೆ ಹೋದೆ.